ಟ್ರ್ಯಾಕ್‌ನಲ್ಲಿ ಇಎಸ್‌ಸಿ ದೀಪ ಮಿನುಗುತ್ತಲೇ ಇದೆಯೇ? ಮೊದಲು ಟೈರ್ ಕಡೆ ನೋಡಿ

ಪ್ರಶ್ನೆ: ನಾನು ಬೆಂಗಳೂರಿನವನು. ನನ್ನ ಬಳಿ 1.5 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್ ಇದೆ. ಫ್ರಂಟ್ ವೀಲ್ ಡ್ರೈವ್, ಟೈರ್ ಅಳತೆ 205/55 ಆರ್16, ಕಾರಿನ ಜೊತೆ ಬಂದದ್ದೇ. ಈಚೆಗೆ ಮೊದಲ ಸಲ ಶ್ರೀಪೆರಂಬದೂರು ಹತ್ತಿರದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಹೋಗಿದ್ದೆ. ಹೆಚ್ಚುಕಡಿಮೆ ಪ್ರತಿ ತಿರುವಿನಲ್ಲೂ ಇಎಸ್‌ಸಿ (ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್) ದೀಪ ಮಿನುಗುತ್ತಿತ್ತು. ತಿರುವಿನಿಂದ ಹೊರಬರುವಾಗ ಕಾರು ಶಕ್ತಿಯನ್ನೇ ಕೊಡುತ್ತಿರಲಿಲ್ಲ. ನಾಲ್ಕು ಲ್ಯಾಪ್ ಆದ ಮೇಲೆ ಬ್ರೇಕ್ ಸುಟ್ಟ ವಾಸನೆ ಬಂತು. ಸೆಮಿ-ಸ್ಲಿಕ್ (ಟ್ರ್ಯಾಕ್‌ಗೆಂದೇ ಮಾಡಿದ, ಗೆರೆ ಕಡಿಮೆ ಇರುವ ಜಿಗುಟು ಟೈರ್) ಹಾಕಿ ಇಎಸ್‌ಸಿ ಆಫ್ ಮಾಡು ಎಂದು ಗೆಳೆಯರು ಹೇಳುತ್ತಾರೆ. ಸದ್ಯಕ್ಕೆ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಒಳ್ಳೆಯ ಟೈರ್ ಹಾಕಿಸಿದರೆ ಸಾಕೇ?

ಉತ್ತರ: ಸೆಮಿ-ಸ್ಲಿಕ್ ಈಗ ಬೇಡ. ಇಎಸ್‌ಸಿ ಆಫ್ ಮಾಡುವುದೂ ಬೇಡ. ಮುಂದಕ್ಕೆ ಮಾತ್ರ ಎರಡು ಟೈರ್ ಹಾಕಿಸುವ ಯೋಚನೆಯನ್ನಂತೂ ಇವತ್ತೇ ಬಿಟ್ಟುಬಿಡಿ. ನೀವು ಕೇಳಿದ ಮೂರರಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅದೇ. ನಾಲ್ಕೂ ಚಕ್ರಗಳಿಗೆ ಒಂದೇ ಮಾದರಿಯ, ಈಗಿರುವ ಅಳತೆಯದೇ, ಒಳ್ಳೆಯ ಪರ್ಫಾರ್ಮೆನ್ಸ್ ರೋಡ್ ಟೈರ್ ಹಾಕಿಸಿ. ಮಿಶೆಲಿನ್ ಪೈಲಟ್ ಸ್ಪೋರ್ಟ್ ವರ್ಗದ ಟೈರ್ ಅಂದುಕೊಳ್ಳಿ. ಇಎಸ್‌ಸಿ ಆನ್ ಇಟ್ಟುಕೊಂಡೇ ಓಡಿಸಿ. ನಿಮ್ಮ ದೀಪ ಅರ್ಧಕ್ಕರ್ಧ ಕಡಿಮೆ ಮಿನುಗುತ್ತದೆ ಎಂಬ ನಂಬಿಕೆ ನನಗಿದೆ. ಉಳಿದರ್ಧ ನಿಮ್ಮ ಕೈಯಲ್ಲಿದೆ, ಅದಕ್ಕೂ ಬರುತ್ತೇನೆ.

ಕಾರಣ ತಿಳಿಯಬೇಕಾದರೆ ಒಂದು ವಿಷಯ ಮನಸ್ಸಿಗೆ ಹತ್ತಬೇಕು. ಇಎಸ್‌ಸಿಗೆ ಟೈರ್ ಕಾಣುವುದಿಲ್ಲ. ಅದರ ಬಳಿ ಇರುವುದು ಕೆಲವೇ ಸೆನ್ಸರ್‌ಗಳು. ನೀವು ಸ್ಟೀರಿಂಗ್ ಎಷ್ಟು ತಿರುಗಿಸಿದ್ದೀರಿ, ನಾಲ್ಕು ಚಕ್ರಗಳು ಎಷ್ಟು ವೇಗದಲ್ಲಿ ಸುತ್ತುತ್ತಿವೆ, ಕಾರಿನ ಮೂತಿ ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತಿದೆ, ಕಾರಿನ ಮೇಲೆ ಪಕ್ಕಕ್ಕೆ ಎಷ್ಟು ಬಲ ಬೀಳುತ್ತಿದೆ, ಬ್ರೇಕ್ ಒತ್ತಡ ಎಷ್ಟಿದೆ. ಇಷ್ಟೇ. ಟೈರ್ ಯಾವ ಕಂಪನಿಯದು, ಎಷ್ಟು ಮೆತ್ತಗಿದೆ, ಬಿಸಿಯಾಗಿದೆಯೇ ತಣ್ಣಗಿದೆಯೇ ಎಂಬುದು ನಿಮ್ಮಂಥ ಕಾರಿನ ಇಎಸ್‌ಸಿಗೆ ಗೊತ್ತಾಗುವುದಿಲ್ಲ.

ಹಾಗಾದರೆ ಕಾರು ಜಾರುತ್ತಿದೆ ಎಂದು ಅದು ಹೇಗೆ ತೀರ್ಮಾನಿಸುತ್ತದೆ? ಅದರೊಳಗೆ ಒಂದು ಲೆಕ್ಕ ಇರುತ್ತದೆ. ಇಷ್ಟು ವೇಗದಲ್ಲಿ, ಇಷ್ಟು ಸ್ಟೀರಿಂಗ್ ತಿರುಗಿಸಿದರೆ, ಈ ಕಾರು ಸೆಕೆಂಡಿಗೆ ಇಷ್ಟು ಡಿಗ್ರಿ ತಿರುಗಬೇಕು ಎಂಬ ಲೆಕ್ಕ. ಉದಾಹರಣೆಗೆ 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 75 ಕಿ.ಮೀ. ವೇಗದಲ್ಲಿದ್ದರೆ ಕಾರು ಸೆಕೆಂಡಿಗೆ ಸುಮಾರು 24 ಡಿಗ್ರಿ ತಿರುಗುತ್ತಿರಬೇಕು. ಅದಕ್ಕಿಂತ ಕಡಿಮೆ ತಿರುಗಿದರೆ ಮುಂಭಾಗ ಜಾರುತ್ತಿದೆ, ಅಂದರೆ ಅಂಡರ್‌ಸ್ಟಿಯರ್. ಆಗ ಅದು ಹೆಚ್ಚಾಗಿ ಒಳಬದಿಯ ಹಿಂದಿನ ಚಕ್ರಕ್ಕೆ ಬ್ರೇಕ್ ಹಾಕಿ ಮೂತಿಯನ್ನು ಒಳಕ್ಕೆ ಎಳೆಯುತ್ತದೆ. ಜಾಸ್ತಿ ತಿರುಗಿದರೆ ಹಿಂಭಾಗ ಜಾರುತ್ತಿದೆ, ಓವರ್‌ಸ್ಟಿಯರ್. ಆಗ ಹೊರಬದಿಯ ಮುಂದಿನ ಚಕ್ರಕ್ಕೆ ಬ್ರೇಕ್. ಜೊತೆಗೆ ಎಂಜಿನ್ ಶಕ್ತಿಯನ್ನೂ ಇಳಿಸುತ್ತದೆ. ಸಣ್ಣಪುಟ್ಟ ವ್ಯತ್ಯಾಸಕ್ಕೆ ಅದು ಕೈ ಹಾಕುವುದಿಲ್ಲ. ಒಂದು ಮಿತಿ ದಾಟಿದಾಗಷ್ಟೇ ಎಚ್ಚರಗೊಳ್ಳುತ್ತದೆ.

ಈ ಲೆಕ್ಕವನ್ನು ಕಂಪನಿಯ ಎಂಜಿನಿಯರ್‌ಗಳು ತಾವು ಒಪ್ಪಿದ ಟೈರ್‌ಗಳನ್ನು ಹಾಕಿ, ತಿಂಗಳುಗಟ್ಟಲೆ ಓಡಿಸಿ ಹೊಂದಿಸಿರುತ್ತಾರೆ. ಟೈರ್ ಬದಲಾಯಿಸಿದಿರಿ ಅಂದರೆ ಕಾರಿನ ಮೈ ಬದಲಾಯಿತು, ಅಳತೆ ಮಾತ್ರ ಹಳೆಯದೇ. ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ನೀವು ತೊಟ್ಟ ಹಾಗೆ. ಸ್ವಲ್ಪ ವ್ಯತ್ಯಾಸ ಇದ್ದರೆ ನಡೆಯುತ್ತದೆ, ತುಂಬಾ ಇದ್ದರೆ ಕೈ ಎತ್ತಿದಾಗೆಲ್ಲ ಬಿಗಿಯುತ್ತದೆ.

ಇನ್ನೊಂದು ಮಾತು. ಬಾಷ್ ಮತ್ತು ಮರ್ಸಿಡಿಸ್ ಬೆಂಜ್ ಸೇರಿ 1995ರಲ್ಲಿ ಈ ವ್ಯವಸ್ಥೆಯನ್ನು ಮೊದಲು ಎಸ್-ಕ್ಲಾಸ್‌ಗೆ ತಂದವು. 1997ರಲ್ಲಿ ಸ್ವೀಡನ್‌ನ ಒಂದು ಕಾರು ಪತ್ರಿಕೆ ನಡೆಸಿದ ಪರೀಕ್ಷೆಯಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಪಲ್ಟಿ ಹೊಡೆಯಿತು. ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸಲು ದಿಢೀರ್ ಸ್ಟೀರಿಂಗ್ ತಿರುಗಿಸುವ ಪರೀಕ್ಷೆ ಅದು. ಆ ಮೇಲೆ ಕಂಪನಿ ಎಲ್ಲ ಎ-ಕ್ಲಾಸ್ ಕಾರುಗಳಿಗೂ ಇದನ್ನು ಅಳವಡಿಸಿತು. ಸಣ್ಣ ಕಾರುಗಳಿಗೂ ಇಎಸ್‌ಸಿ ಇಳಿದು ಬಂದದ್ದು ಹೀಗೆ. ಅದರ ಗುಣ ಇಲ್ಲೇ ಇದೆ ನೋಡಿ. ಮಳೆಯಲ್ಲಿ ಹೈವೇ ಮೇಲೆ ಗಾಬರಿಯಾದ ಚಾಲಕನನ್ನು ಉಳಿಸುವುದು ಅದರ ಕೆಲಸ. ಲ್ಯಾಪ್ ಟೈಮ್ ಕಡಿಮೆ ಮಾಡುವುದಲ್ಲ.

ಈಗ ನಿಮ್ಮ ಟ್ರ್ಯಾಕ್ ಡೇಗೆ ಬರೋಣ. ಇಂಥ ಸೆಡಾನ್‌ಗಳ ಜೊತೆ ಬರುವ ಟೈರ್‌ಗಳನ್ನು ಸಾಮಾನ್ಯವಾಗಿ ಮೈಲೇಜ್, ಬಾಳಿಕೆ, ಕಡಿಮೆ ಸದ್ದು ನೋಡಿ ಆಯ್ದಿರುತ್ತಾರೆ. ರಬ್ಬರ್ ಗಟ್ಟಿ, ಪಕ್ಕದ ಗೋಡೆ ಮೆತ್ತಗೆ. ಟ್ರ್ಯಾಕ್‌ನ ವೇಗದಲ್ಲಿ ಇವು ತಿರುವಿಗೆ ಹೋದಾಗ ಮೊದಲು ಗೋಡೆ ಬಾಗುತ್ತದೆ, ಆಮೇಲೆ ರಬ್ಬರ್ ಜಾರುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದ ಸ್ವಲ್ಪ ಹೊತ್ತಿನ ಮೇಲೆ ಕಾರು ತಿರುಗುತ್ತದೆ. ಆ ತಡವೇ ಇಎಸ್‌ಸಿಗೆ ಅಂಡರ್‌ಸ್ಟಿಯರ್ ಆಗಿ ಕಾಣುತ್ತದೆ.

ಇಲ್ಲಿ ನಿಮ್ಮ ಕೈಯ ಪಾತ್ರ ಶುರುವಾಗುತ್ತದೆ. ಮೂತಿ ತಿರುಗಲಿಲ್ಲ ಅಂದಾಗ ಹೊಸಬರು ಏನು ಮಾಡುತ್ತಾರೆ? ಇನ್ನಷ್ಟು ಸ್ಟೀರಿಂಗ್ ತಿರುಗಿಸುತ್ತಾರೆ, ಅಲ್ವಾ? ಇಎಸ್‌ಸಿಯ ಲೆಕ್ಕ ಶುರುವಾಗುವುದೇ ಸ್ಟೀರಿಂಗ್ ಕೋನದಿಂದ. ನೀವು ಜಾಸ್ತಿ ತಿರುಗಿಸಿದಷ್ಟೂ 'ಚಾಲಕ ಇನ್ನೂ ಜಾಸ್ತಿ ತಿರುವು ಕೇಳುತ್ತಿದ್ದಾನೆ' ಎಂದು ಅದು ತಿಳಿಯುತ್ತದೆ. ಟೈರ್ ಆಗಲೇ ತನ್ನ ಮಿತಿ ಮುಟ್ಟಿರುತ್ತದೆ, ಹೆಚ್ಚಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಅಂತರ ಇನ್ನೂ ಬೆಳೆಯುತ್ತದೆ. ದೀಪ ಮಿನುಗುತ್ತದೆ, ಶಕ್ತಿ ಇಳಿಯುತ್ತದೆ. ಟೈರ್ ಕೀರಲು ಶುರುಮಾಡಿದಾಗ ಸ್ಟೀರಿಂಗ್ ಅನ್ನು ಸ್ವಲ್ಪ ಸಡಿಲ ಬಿಟ್ಟು ನೋಡಿ. ಎಷ್ಟೋ ಸಲ ಕಾರು ಇನ್ನೂ ಚೆನ್ನಾಗಿ ತಿರುಗುತ್ತದೆ, ದೀಪವೂ ಆರುತ್ತದೆ. ಇದನ್ನು ಕಲಿಯಲು ನಿಮ್ಮ ಈಗಿನ ಟೈರ್‌ಗಿಂತ ಒಳ್ಳೆಯ ಗುರು ಇಲ್ಲ, ಯಾಕೆಂದರೆ ಅದು ತುಂಬಾ ಮೊದಲೇ ಕೂಗಿ ಹೇಳುತ್ತದೆ.

ಗ್ರಿಪ್ ಜಾಸ್ತಿ ಇರುವ ಟೈರ್ ಹಾಕಿದರೆ ಏನಾಗುತ್ತದೆ? ಪರ್ಫಾರ್ಮೆನ್ಸ್ ರೋಡ್ ಟೈರ್‌ನಲ್ಲಿ ಗೋಡೆ ಗಟ್ಟಿ, ರಬ್ಬರ್ ಮೆತ್ತಗೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ. ತಡ ಕಡಿಮೆಯಾಗಿದ್ದರಿಂದ ಇಎಸ್‌ಸಿ ಸುಮ್ಮನಿರುತ್ತದೆ. ಇದು ಒಳ್ಳೆಯ ಬದಲಾವಣೆ. ಕಾರಿನ ನಡತೆ ಮೂಲ ಲೆಕ್ಕದಿಂದ ತೀರಾ ದೂರ ಹೋಗುವುದಿಲ್ಲ.

ಸೆಮಿ-ಸ್ಲಿಕ್ ಬೇರೆಯೇ ಜಾತಿ. ಯೊಕೊಹಾಮಾ ಅಡ್ವಾನ್ ಎ052, ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2, ಪಿರೆಲಿ ಪಿ ಜೀರೊ ಟ್ರೊಫಿಯೊ ಇವೆಲ್ಲ ಆ ಗುಂಪಿನವು. ಗ್ರಿಪ್ ಜಾಸ್ತಿ ಎಂಬುದು ನಿಜ. ಅದೇ 50 ಮೀಟರ್ ತಿರುವಿನ ಲೆಕ್ಕ ಮಾಡಿ ನೋಡಿ. ಟೈರ್ 0.9 ಜಿ (ಕಾರಿನ ತೂಕದ 0.9 ಪಟ್ಟು) ಹಿಡಿತ ಕೊಟ್ಟರೆ ಗಂಟೆಗೆ ಸುಮಾರು 76 ಕಿ.ಮೀ.ನಲ್ಲಿ ಜಾರಲು ಶುರು. 1.1 ಜಿ ಕೊಟ್ಟರೆ ಸುಮಾರು 84 ಕಿ.ಮೀ. ಎಂಟು ಕಿ.ಮೀ. ಏನು ಮಹಾ ಅನ್ನಿಸಬಹುದು. ಆದರೆ ಕಾರಿನಲ್ಲಿರುವ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಜಾರಿದ ಕ್ಷಣದಲ್ಲಿ ನಿಮ್ಮ ಕೈಯಲ್ಲಿರುವ ಶಕ್ತಿ ಸುಮಾರು 22% ಜಾಸ್ತಿ. ಟ್ರ್ಯಾಕ್ ಅಂಚಿನ ಗೋಡೆಗೆ ಹೊಡೆದರೆ ಆ ಲೆಕ್ಕ ಅಲ್ಲಿ ತೀರುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಜಾರುವ ರೀತಿ. ರೋಡ್ ಟೈರ್ ತನ್ನ ಗರಿಷ್ಠ ಹಿಡಿತವನ್ನು ಮುಟ್ಟಿದ ಮೇಲೂ ನಿಧಾನಕ್ಕೆ ಬಿಡುತ್ತದೆ. ಕೀರುತ್ತದೆ, ಮೂತಿ ಹಗುರಾಗುತ್ತದೆ, ನಿಮಗೆ ಯೋಚಿಸಲು ಸಮಯ ಸಿಗುತ್ತದೆ. ಸೆಮಿ-ಸ್ಲಿಕ್, ಟೈರ್‌ನ ಮುಖಕ್ಕೂ ಅದು ಸಾಗುವ ದಿಕ್ಕಿಗೂ ನಡುವಿನ ಕೋನ ಚಿಕ್ಕದಿರುವಾಗಲೇ ಗರಿಷ್ಠ ಮುಟ್ಟುತ್ತದೆ, ಸದ್ದು ಕಡಿಮೆ ಮಾಡುತ್ತದೆ, ಬಿಟ್ಟಾಗ ಥಟ್ಟನೆ ಬಿಡುತ್ತದೆ. ಇಎಸ್‌ಸಿಗೂ ಅಷ್ಟೇ ಕಡಿಮೆ ಸಮಯ. ಪಕ್ಕದ ಬಲ ಅಳೆಯುವ ಸೆನ್ಸರ್ ಇರುವುದರಿಂದ ಗ್ರಿಪ್ ಜಾಸ್ತಿ ಇದೆ ಎಂಬುದು ಅದಕ್ಕೆ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ, ಆ ನ್ಯಾಯ ಅದಕ್ಕೆ ಸಲ್ಲಬೇಕು. ಆದರೆ ಟೈರ್ ಎಷ್ಟು ಚುರುಕಾಗಿ ಪ್ರತಿಕ್ರಿಯಿಸುತ್ತದೆ, ಎಷ್ಟು ಬೇಗ ಕೈಬಿಡುತ್ತದೆ ಎಂಬ ಭಾಗ ಹಳೆಯ ಲೆಕ್ಕದಲ್ಲೇ ಉಳಿದಿರುತ್ತದೆ. ಕೆಲವೊಮ್ಮೆ ಕಾರು ಚೆನ್ನಾಗಿ ತಿರುಗುತ್ತಿದ್ದರೂ 'ಇಷ್ಟು ಬೇಗ ತಿರುಗಬಾರದಲ್ಲ' ಎಂದು ಅದು ಬ್ರೇಕ್ ಹಾಕುತ್ತದೆ. ಕೆಲವೊಮ್ಮೆ ನಿಜವಾಗಿ ಜಾರುವಾಗ ತಡವಾಗಿ ಬರುತ್ತದೆ. ಎರಡೂ ಬೇಕಿಲ್ಲದ್ದು.

ಮುಂದಕ್ಕೆ ಮಾತ್ರ ಒಳ್ಳೆಯ ಟೈರ್ ಹಾಕುವುದು ಯಾಕೆ ಇಷ್ಟು ಅಪಾಯ? ನಿಮ್ಮದು ಫ್ರಂಟ್ ವೀಲ್ ಡ್ರೈವ್. ಓಡಿಸುವ, ತಿರುಗಿಸುವ, ಹೆಚ್ಚಿನ ಬ್ರೇಕ್ ಹೊರುವ ಕೆಲಸವೆಲ್ಲ ಮುಂದಿನ ಟೈರ್‌ಗಳದ್ದು. ಅವು ಬೇಗ ಬಿಸಿಯಾಗುತ್ತವೆ. ಹಿಂದಿನವು ಸುಮ್ನೆ ಉರುಳಿಕೊಂಡು ಬರುತ್ತವೆ, ತಣ್ಣಗೇ ಇರುತ್ತವೆ. ಅಂದರೆ ಒಂದೇ ಮಾದರಿಯ ನಾಲ್ಕು ಟೈರ್ ಇದ್ದರೂ ಮೊದಲ ಎರಡು ಲ್ಯಾಪ್‌ನಲ್ಲಿ ಹಿಂದೆ ಹಿಡಿತ ಕಡಿಮೆ. ಇದರ ಮೇಲೆ ಮುಂದೆ ಜಿಗುಟು ಟೈರ್, ಹಿಂದೆ ಗಟ್ಟಿ ಟೈರ್ ಹಾಕಿದರೆ? ತಿರುವಿನ ನಡುವೆ ವೇಗ ಜಾಸ್ತಿಯಾಯಿತು ಎಂದು ಆಕ್ಸಿಲರೇಟರ್ ಬಿಡುತ್ತೀರಿ. ತೂಕ ಮುಂದಕ್ಕೆ ವಾಲುತ್ತದೆ, ಹಿಂಭಾಗ ಹಗುರಾಗುತ್ತದೆ. ಮುಂಭಾಗ ಬಲವಾಗಿ ಕಚ್ಚುತ್ತದೆ, ಹಿಂಭಾಗ ಹೊರಕ್ಕೆ ಹಾರುತ್ತದೆ. ಇಎಸ್‌ಸಿ ಹೊರಬದಿಯ ಮುಂದಿನ ಚಕ್ರಕ್ಕೆ ಬ್ರೇಕ್ ಹಾಕುತ್ತದೆ, ಬಹಳಷ್ಟು ಸಲ ಉಳಿಸುತ್ತದೆ. ಪ್ರತಿ ಸಲವೂ ಉಳಿಸುವುದಿಲ್ಲ. ಅದು ಇರುವ ಹಿಡಿತವನ್ನು ಹಂಚಬಲ್ಲದು, ಇಲ್ಲದ ಹಿಡಿತವನ್ನು ತರಲಾರದು. ಹಣ ಎರಡು ಟೈರ್‌ಗಷ್ಟೇ ಇದ್ದರೆ ಈ ಸೀಸನ್ ಹಳೆಯ ನಾಲ್ಕರಲ್ಲೇ ಓಡಿಸಿ.

ಮುಂದೆ ಹಿಂದೆ ಸವೆತ ಬೇರೆ ಬೇರೆ ಇದ್ದರೂ ಇದೇ ಮನೆಯ ತೊಂದರೆ. ಹೊಸ ಟೈರ್‌ನಲ್ಲಿ ಸುಮಾರು 8 ಮಿ.ಮೀ. ಟ್ರೆಡ್ (ಗೆರೆಯ ಆಳ) ಇರುತ್ತದೆ. 2 ಮಿ.ಮೀ.ಗೆ ಸವೆದ ಟೈರ್ ಅದಕ್ಕಿಂತ ತ್ರಿಜ್ಯದಲ್ಲಿ 6 ಮಿ.ಮೀ. ಚಿಕ್ಕದು, ಅಂದರೆ ಸುಮಾರು 2%. ಆ ಚಕ್ರ ಅಷ್ಟು ಜಾಸ್ತಿ ಸುತ್ತುತ್ತದೆ. ಚಕ್ರದ ವೇಗ ನೋಡಿಯೇ ಬದುಕುವ ವ್ಯವಸ್ಥೆಗೆ ಇದು ಸಣ್ಣ ಜಾರಿಕೆಯಂತೆ ಕಾಣಬಹುದು. ಸಣ್ಣ ವ್ಯತ್ಯಾಸಗಳನ್ನು ಅದು ನಿಧಾನವಾಗಿ ಕಲಿತು ಹೊಂದಿಸಿಕೊಳ್ಳುತ್ತದೆ, ಆದರೆ ಅದರ ಮೇಲೆ ಯಾಕೆ ಹೊರೆ ಹೊರಿಸಬೇಕು? ಅಳತೆ ಬದಲಾಯಿಸುವ ಆಸೆ ಇದ್ದರೆ ಮೊದಲು ವ್ಯಾಸದ ಲೆಕ್ಕ ಹಾಕಿ. 205/55 ಆರ್16 ಟೈರ್‌ನ ವ್ಯಾಸ ಸುಮಾರು 632 ಮಿ.ಮೀ. 225/45 ಆರ್17 ಸುಮಾರು 634 ಮಿ.ಮೀ. ಇದು ಸರಿಹೋಗುತ್ತದೆ. 195/55 ಆರ್16 ಸುಮಾರು 621 ಮಿ.ಮೀ., ನಾಲ್ಕಕ್ಕೂ ಹಾಕಿದರೂ ನಿಮ್ಮ ಕಾರಿಗೆ ಹೊಂದುವ ಅಳತೆಯಲ್ಲ. ಹೊರಕ್ಕೆ ಚಾಚುವ ಅಗಲದ ವೀಲ್ ಹಾಕುವುದಂತೂ ಬೇಡ. ಚಕ್ರ ಹೊರಗೆ ಬಂದಷ್ಟೂ, ಇಎಸ್‌ಸಿ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಕೈಯಲ್ಲಿ ಎಳೆಯುವುದು ಜಾಸ್ತಿಯಾಗುತ್ತದೆ.

ಬಿಸಿ ಮತ್ತು ಗಾಳಿಯ ವಿಷಯ ಟ್ರ್ಯಾಕ್‌ನಲ್ಲಿ ತುಂಬಾ ಮುಖ್ಯ. ಸೆಮಿ-ಸ್ಲಿಕ್ ಚೆನ್ನಾಗಿ ಕೆಲಸ ಮಾಡುವುದು ಸುಮಾರು 70ರಿಂದ 100 ಡಿಗ್ರಿ ಸೆಲ್ಸಿಯಸ್ ನಡುವೆ. ತಣ್ಣಗಿದ್ದಾಗ ಅದು ಒಳ್ಳೆಯ ರೋಡ್ ಟೈರ್‌ಗಿಂತಲೂ ಕಳಪೆ. ಪಿಟ್‌ನಿಂದ ಹೊರಬಂದ ಮೊದಲ ತಿರುವಿನಲ್ಲೇ ಕಾರು ತಿರುಗಿ ನಿಲ್ಲುವುದಕ್ಕೆ ಇದೇ ದೊಡ್ಡ ಕಾರಣ. ರೋಡ್ ಟೈರ್‌ನದು ಉಲ್ಟಾ ಕಥೆ. ಅದು ಬೇಗ ಕೆಲಸಕ್ಕೆ ಬರುತ್ತದೆ, ಬೇಗ ಸುಸ್ತಾಗುತ್ತದೆ. ಚೆನ್ನೈ ಬಿಸಿಲಲ್ಲಿ ಕೆಲವು ಲ್ಯಾಪ್ ಆದ ಮೇಲೆ ಅದು ಎಣ್ಣೆ ಹಚ್ಚಿದ ಹಾಗೆ ಜಾರತೊಡಗುತ್ತದೆ, ಇಎಸ್‌ಸಿ ದೀಪವೂ ಮತ್ತೆ ಶುರು. ಹಾಗಾದಾಗ ಒಂದು ಲ್ಯಾಪ್ ನಿಧಾನಕ್ಕೆ ಸುತ್ತಿ ಒಳಗೆ ಬನ್ನಿ.

ಟೈರ್ 10 ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು 1.5 ಪಿಎಸ್ಐ ಏರುತ್ತದೆ. 30 ಡಿಗ್ರಿಯಲ್ಲಿ 33 ಪಿಎಸ್ಐ ತುಂಬಿದ ಟೈರ್ 70 ಡಿಗ್ರಿ ಮುಟ್ಟಿದಾಗ 39ರ ಹತ್ತಿರ ಇರುತ್ತದೆ. ನೆಲಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆ. ಮುಂದೆ ಹಿಂದೆ ಬೇರೆ ಬೇರೆ ಏರುವುದರಿಂದ ಕಾರಿನ ಸಮತೋಲವೇ ಬದಲಾಗುತ್ತದೆ. ಆದ್ದರಿಂದ ಪ್ರತಿ ಸೆಷನ್ ಮುಗಿದ ತಕ್ಷಣ, ಬಿಸಿ ಇರುವಾಗಲೇ ಗಾಳಿ ಅಳೆದು ಹೆಚ್ಚಿದ್ದನ್ನು ಇಳಿಸಿ. ತೀರಾ ಕಡಿಮೆ ಮಾಡಬೇಡಿ. ಗೋಡೆ ಮತ್ತೆ ಬಾಗಲು ಶುರುವಾಗುತ್ತದೆ, ತಡ ಬರುತ್ತದೆ, ದೀಪ ಬರುತ್ತದೆ. ಸಂಜೆ ಬೆಂಗಳೂರಿಗೆ ಹೊರಡುವ ಮುನ್ನ ಟೈರ್ ತಣ್ಣಗಾದ ಮೇಲೆ ಮತ್ತೆ ಕಂಪನಿ ಹೇಳಿದಷ್ಟು ತುಂಬಿಸಿ. ಇದನ್ನು ಮರೆತು ಹೈವೇಗೆ ಇಳಿಯುವವರು ಬಹಳ ಜನ.

ಬ್ರೇಕ್ ವಾಸನೆ ಬಂತು ಅಂದಿರಿ. ಅದು ನಿಮ್ಮ ಪಾದದಿಂದ ಮಾತ್ರ ಬಂದದ್ದಲ್ಲ. ತಿರುವಿನಿಂದ ಹೊರಬರುವಾಗ ಒಳಬದಿಯ ಮುಂದಿನ ಚಕ್ರ ಹಿಡಿತ ತಪ್ಪಿ ಸುಮ್ಮನೆ ಸುತ್ತಿದರೆ ವ್ಯವಸ್ಥೆ ಅದಕ್ಕೆ ತಾನೇ ಬ್ರೇಕ್ ಹಾಕುತ್ತದೆ. ತಿರುವಿನ ನಡುವೆ ಹಿಂದಿನ ಚಕ್ರಕ್ಕೂ ಹಾಕುತ್ತದೆ. ನೀವು ಆಕ್ಸಿಲರೇಟರ್ ಒತ್ತಿರುವಾಗಲೇ ಪ್ಯಾಡ್ ಉಜ್ಜುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ನೇರ ದಾರಿಯಲ್ಲಿ ತಣ್ಣಗಾಗಬೇಕಿದ್ದ ಬ್ರೇಕ್ ಬಿಸಿಯಾಗಿಯೇ ಮುಂದಿನ ತಿರುವಿಗೆ ಬರುತ್ತದೆ. ಹಿಡಿತ ಇಲ್ಲದ ಟೈರ್ ಬ್ರೇಕ್ ತಿನ್ನುವುದು ಹೀಗೆ. ಟೈರ್ ಒಳ್ಳೆಯದಾದರೆ ಈ ಕದ್ದ ಬ್ರೇಕಿಂಗ್ ಕಡಿಮೆಯಾಗುತ್ತದೆ, ಆದರೆ ವೇಗ ಜಾಸ್ತಿಯಾಗುವುದರಿಂದ ನಿಮ್ಮ ಪಾದದ ಬ್ರೇಕಿಂಗ್ ಹೆಚ್ಚುತ್ತದೆ. ಹಾಗಾಗಿ ಟೈರ್‌ಗೆ ಮೊದಲೇ ಬ್ರೇಕ್ ಫ್ಲೂಯಿಡ್ ಬದಲಾಯಿಸಿ ಎನ್ನುತ್ತೇನೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ.

ಜಿಗುಟು ಟೈರ್‌ನ ಇನ್ನೊಂದು ತೊಂದರೆಯನ್ನು ಟ್ರ್ಯಾಕ್ ಜನ ಐಸ್ ಮೋಡ್ ಅನ್ನುತ್ತಾರೆ. ಹಿಡಿತ ಜಾಸ್ತಿ ಇರುವ ಟೈರ್ ಮೇಲೆ ಒಮ್ಮೆಲೇ ಬ್ರೇಕ್ ತುಳಿದಾಗ, ಅದರಲ್ಲೂ ನೆಲದಲ್ಲಿ ಸಣ್ಣ ಉಬ್ಬಿದ್ದಾಗ, ಚಕ್ರದ ವೇಗ ದಿಢೀರ್ ಬೀಳುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಅದನ್ನು ಮಂಜುಗಡ್ಡೆಯ ಮೇಲಿನ ಜಾರಿಕೆ ಎಂದು ತಪ್ಪು ತಿಳಿದು ಒತ್ತಡ ಇಳಿಸಿಬಿಡುತ್ತದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಕಾರು ಮಾತ್ರ ನಿಲ್ಲುತ್ತಿಲ್ಲ. ಹಾಗಾದರೆ ಒಂದು ಕ್ಷಣ ಪೆಡಲ್ ಬಿಟ್ಟು ಮತ್ತೆ ಹಿಂಡಬೇಕು. ಗಾಬರಿಯಲ್ಲಿ ಅದನ್ನು ಮಾಡುವುದು ಎಷ್ಟು ಕಷ್ಟ ಎಂದು ಊಹಿಸಿ. ಬ್ರೇಕ್ ಅನ್ನು ತುಳಿಯದೆ ಹಿಂಡುವ ಅಭ್ಯಾಸ ಈಗಲೇ ಮಾಡಿಕೊಳ್ಳಿ.

ಹಾಗಾದರೆ ಸೆಮಿ-ಸ್ಲಿಕ್ ಜೊತೆ ಚೆನ್ನಾಗಿ ಕೆಲಸ ಮಾಡುವ ಇಎಸ್‌ಸಿಯೇ ಇಲ್ಲವೇ? ಇದೆ. ಪೋರ್ಷೆ 911 ಜಿಟಿ3 ಅಂಥ ಕಾರುಗಳ ಲೆಕ್ಕವನ್ನು ಕಂಪನಿಯೇ ಆ ಟೈರ್‌ಗೆ ಹೊಂದಿಸಿರುತ್ತದೆ. ಪೋರ್ಷೆ ಒಪ್ಪಿದ ಟೈರ್ ಮೇಲೆ ಎನ್ ಗುರುತು, ಬಿಎಂಡಬ್ಲ್ಯು ಒಪ್ಪಿದ್ದರ ಮೇಲೆ ನಕ್ಷತ್ರ ಇರುವುದು ಸುಮ್ನೆ ಅಲ್ಲ. ಮ್ಯಾಕ್‌ಲಾರೆನ್ ಆರ್ಟುರಾದಲ್ಲಿ ಪಿರೆಲಿಯ ಸೈಬರ್ ಟೈರ್ ಇದೆ. ಟೈರ್ ಒಳಗಿನ ಸೆನ್ಸರ್ ತನ್ನ ಬಿಸಿ, ಗಾಳಿ ಎಷ್ಟು ಎಂದು ಕಾರಿಗೆ ಹೇಳುತ್ತದೆ. ಈಗ ಪಿರೆಲಿ ಮತ್ತು ಬಾಷ್ ಸೇರಿ ಆ ಮಾಹಿತಿಯನ್ನು ನೇರವಾಗಿ ಸ್ಟೆಬಿಲಿಟಿ ಕಂಟ್ರೋಲ್‌ಗೇ ಕೊಡುವ ಕೆಲಸ ಮಾಡುತ್ತಿವೆ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ವರ್ಷಗಳಿಂದ ಬಂದ ಅತ್ಯಂತ ಸಂತೋಷದ ಸುದ್ದಿ ಇದು. ನಮ್ಮ ನಿಮ್ಮ ಸೆಡಾನ್‌ಗೆ ಅದು ಬರುವವರೆಗೆ, ಟೈರ್ ಮತ್ತು ಇಎಸ್‌ಸಿ ನಡುವಿನ ಮಾತುಕತೆ ನೀವೇ ನಡೆಸಬೇಕು.

ಆಫ್ ಬಟನ್ ಬಗ್ಗೆ ಎರಡು ಮಾತು. ಅನೇಕ ಕಾರುಗಳಲ್ಲಿ ಅದು ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಭಾಗ) ಅನ್ನು ಮಾತ್ರ ಆರಿಸುತ್ತದೆ. ಕೆಲವದರಲ್ಲಿ ಬ್ರೇಕ್ ಒತ್ತಿದ ಕೂಡಲೇ, ಅಥವಾ ಒಂದು ವೇಗ ದಾಟಿದ ಕೂಡಲೇ ಇಎಸ್‌ಸಿ ಮರಳಿ ಬರುತ್ತದೆ. ನಿಮ್ಮ ಕಾರಿನ ಮ್ಯಾನುಯಲ್ ಓದಿ. ಸ್ಪೋರ್ಟ್ ಮೋಡ್ ಇದ್ದರೆ ಮುಂದೆ ಅದನ್ನು ಬಳಸಬಹುದು. ಯಾರೇ ಹೇಳಿದರೂ ಫ್ಯೂಸ್ ಕೀಳಬೇಡಿ. ಇಎಸ್‌ಸಿ, ಎಬಿಎಸ್, ಮುಂದೆ ಹಿಂದೆ ಬ್ರೇಕ್ ಹಂಚುವ ಇಬಿಡಿ, ಮೂರೂ ಒಂದೇ ಪೆಟ್ಟಿಗೆಯಲ್ಲಿವೆ. ಫ್ಯೂಸ್ ಕಿತ್ತರೆ ಮೂರೂ ಹೋಗುತ್ತವೆ. ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡರೆ ಕಾರು ಗಿರಕಿ ಹೊಡೆಯುತ್ತದೆ.

ಹೊಸ ಟೈರ್ ಹಾಕಿಸಿ ಹೋದ ದಿನ ದೀಪ ಯಾವಾಗ ಮಿನುಗುತ್ತದೆ ಎಂದು ಗಮನಿಸಿ, ಬರೆದಿಟ್ಟುಕೊಳ್ಳಿ. ತಿರುವಿಗೆ ಒಳಹೋಗುವಾಗ ಮಿನುಗಿದರೆ ಬಹುಶಃ ಹಿಂಭಾಗದ ಹಿಡಿತ ಸಾಲದು, ಇಲ್ಲವೇ ನೀವು ಆಕ್ಸಿಲರೇಟರ್ ಥಟ್ಟನೆ ಬಿಡುತ್ತಿದ್ದೀರಿ. ನಡುವೆ ಮಿನುಗಿದರೆ ಸ್ಟೀರಿಂಗ್ ಜಾಸ್ತಿಯಾಯಿತು. ಹೊರಬರುವಾಗ ಮಿನುಗಿದರೆ ಆಕ್ಸಿಲರೇಟರ್ ಬೇಗ ಒತ್ತಿದಿರಿ. ಟೈರ್ ಬದಲಾಯಿಸಿದಾಗ, ಗಾಳಿ ಸರಿಮಾಡಿದಾಗ ಟೈರ್ ಪ್ರೆಶರ್ ಮಾನಿಟರ್ ಅನ್ನು ರೀಸೆಟ್ ಮಾಡುವುದು ಮರೆಯಬೇಡಿ. ಬಹಳ ಕಾರುಗಳಲ್ಲಿ ಅದೂ ಚಕ್ರದ ವೇಗದ ಸೆನ್ಸರ್‌ನಿಂದಲೇ ಲೆಕ್ಕ ಹಾಕುತ್ತದೆ.

ಸೆಮಿ-ಸ್ಲಿಕ್ ಬಗ್ಗೆ ಕೊನೆಯದಾಗಿ ಒಂದು ಕಾರಣ. ಟ್ರ್ಯಾಕ್‌ನಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಅದೇ ಟೈರ್ ಮೇಲೆ ವಾಪಸ್ ಬರಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕಡೆ ಹಿಂಗಾರು ಮಳೆ. ಸೆಮಿ-ಸ್ಲಿಕ್‌ನಲ್ಲಿ ನೀರು ಹೊರಹಾಕುವ ಗೆರೆ ಕಡಿಮೆ. ನಿಂತ ನೀರಿನ ಮೇಲೆ ಟೈರ್ ತೇಲಿದಾಗ ನಾಲ್ಕೂ ಚಕ್ರಗಳಿಗೆ ನೆಲವೇ ಸಿಗುವುದಿಲ್ಲ, ಯಾವ ಚಕ್ರಕ್ಕೆ ಬ್ರೇಕ್ ಹಾಕಿದರೂ ಕಾರು ನೇರವಾಗುವುದಿಲ್ಲ. ಮುಂದೊಂದು ದಿನ ಸೆಮಿ-ಸ್ಲಿಕ್ ಬೇಕೆನ್ನಿಸಿದರೆ ಅದಕ್ಕೆ ಬೇರೆ ವೀಲ್ ಸೆಟ್ ಇಟ್ಟುಕೊಂಡು, ಟ್ರ್ಯಾಕ್‌ಗೆ ಸಾಗಿಸಿ, ಅಲ್ಲೇ ಹಾಕಿ, ಅಲ್ಲೇ ಬಿಚ್ಚಿ.